ಏರಿಯಾ ಮಕ್ಕಳನ್ನ ಆರ್ಟ್ ಗ್ಯಾಲರಿಗೆ ಕರ್ಕೊಂಡು ಹೋಗೋದು ಹೇಗೆ

ಪಕ್ಕದ ಬೀದಿ ಸರ್ಕಾರಿ ಶಾಲೆ ಮಕ್ಕಳಿಗೆ ಏನಾದ್ರೂ ಮಾಡ್ಬೇಕು ಅಂತಿದ್ರೆ ನೋಟ್‌ಬುಕ್ ಹಂಚಿ ಸುಮ್ನಾಗ್ಬೇಡಿ, ಒಂದಿನ ಗ್ಯಾಲರಿ ತೋರ್ಸಿ. ಮೊದ್ಲು ಹೆಡ್‌ಮಾಸ್ಟರ್ ಹತ್ರ ಮಾತಾಡಿ, ಮನೆಯೋರ ಒಪ್ಪಿಗೆ ಪತ್ರ ತಗೊಳ್ಳಿ. ಆಮೇಲೆ ಗ್ಯಾಲರಿಗೆ ಮೇಲ್ ಹಾಕಿ, ಎಷ್ಟು ಮಕ್ಕಳು, ಯಾವ ಕ್ಲಾಸು, ಮುಖ್ಯವಾಗಿ ಕನ್ನಡದಲ್ಲಿ ವಿವರಿಸೋರು ಬೇಕು ಅಂತ ಬರೀರಿ, ಇಂಗ್ಲಿಷಲ್ಲಿ ಶುರು ಮಾಡಿದ್ರೆ ಮಕ್ಕಳು ಮುದುಡ್ಕೊಂಡ್ಬಿಡ್ತಾರೆ. ಬೆಂಗಳೂರಲ್ಲಾದ್ರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆಧುನಿಕ ಕಲಾ ಗ್ಯಾಲರಿ ಎನ್‌ಜಿಎಂಎ ಇದೆ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ, ಕಲೆ ಮತ್ತು ಫೋಟೋಗಳ ಮ್ಯೂಸಿಯಂ ಮ್ಯಾಪ್ ಇದೆ, ಎರಡಕ್ಕೂ ಸೋಮವಾರ ರಜೆ.

ಎಲ್ಲಾ ಚಿತ್ರ ತೋರ್ಸೋಕೆ ಹೋಗ್ಬೇಡಿ, ನಾಲ್ಕೈದು ಸಾಕು. ನಮ್ಮ ಜೊತೆ ಬಂದಿದ್ದ ಒಬ್ಳು ಪುಟ್ಟಿ ಒಂದೇ ಚಿತ್ರದ ಮುಂದೆ ನಿಂತು ಗಾಳಿಯಲ್ಲೇ ಬೆರಳಾಡಿಸಿ ಗೆರೆ ಎಳೀತಾ ಇದ್ಲು, ಕರೆದ್ರೂ ಬರ್ಲಿಲ್ಲ, ಅಂಥವ್ರನ್ನ ಎಬ್ಬಿಸ್ಬೇಡಿ, ಬಿಟ್ಬಿಡಿ. ಬ್ಯಾಗಲ್ಲಿ ಕ್ರೇಯಾನ್ಸು, ಡ್ರಾಯಿಂಗ್ ಶೀಟು ಇರ್ಲಿ, ಹೊರಗೆ ಬಂದ ತಕ್ಷಣ ಕೈಗೆ ಕೊಡಿ.

ಬಸ್ಸು, ಬಣ್ಣಕ್ಕೆ ದುಡ್ಡು ಬೇಕಾದ್ರೆ ಪರಿಚಯದ ಕಲಾವಿದರ ಹತ್ರ ಸಣ್ಣ ಸಣ್ಣ ಚಿತ್ರ ಕೇಳಿ, ಖಾಸಗಿ ಗ್ಯಾಲರಿಯೋರಿಗೆ ಎರಡು ದಿನ ಗೋಡೆ ಕೊಡಿ, ಕಮಿಷನ್ ಬಿಡಿ ಅಂತ ಕೇಳಿ, ಮಾರಿದ್ರಲ್ಲಿ ಶಾಲೆಗೆ ಎಷ್ಟು ಅನ್ನೋದನ್ನ ಮೊದ್ಲೇ ಬರೆದು ಬಾಗಿಲಲ್ಲೇ ಅಂಟಿಸಿ. ಜನವರಿಯಲ್ಲಿ ಕುಮಾರಕೃಪ ರಸ್ತೆಯ ಚಿತ್ರಸಂತೆಗೂ ಮಕ್ಕಳನ್ನ ಕರ್ಕೊಂಡು ಹೋಗಿ, ರಶ್ ಜಾಸ್ತಿ, ಬೆಳಿಗ್ಗೆ ಬೇಗ ಹೊರಡಿ.