ತೊಗರಿ ಲಾಟ್‌ಗಳ ಯಾದಿಯಲ್ಲಿ ಆಯ್ಕೆ ಕಳೆದುಹೋಗದಂತೆ ಮಾಡಿದ ಬಗೆ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಒಂದು ಅಡತ್ ಅಂಗಡಿಗೆ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ) ನಾನು ಬಿಲ್ಲಿನ ಸಾಫ್ಟ್‌ವೇರ್ ಬರೆದು ಕೊಟ್ಟಿದ್ದೇನೆ. ಅದರ ಮುಖ್ಯ ಪರದೆಯಲ್ಲಿ ಇರುವುದು ಒಂದೇ ಯಾದಿ, ಆ ದಿನ ಬಂದ ತೊಗರಿ ಲಾಟ್‌ಗಳದ್ದು. ಲಾಟ್ ಎಂದರೆ ಒಬ್ಬ ರೈತ ತಂದ ಒಂದು ಕಂತಿನ ಮಾಲು. ರೈತರ ಹೆಸರು, ಊರು, ತಾಲೂಕು, ತಳಿ, ಚೀಲ, ತೂಕ, ದರ. ಗುಮಾಸ್ತರು ಅದರಲ್ಲಿ ಬೇಕಾದ ಸಾಲುಗಳನ್ನು ಆರಿಸಿ ಒಬ್ಬ ಖರೀದಿದಾರನ ಹೆಸರಿಗೆ ಬಿಲ್ಲು ಮಾಡಬೇಕು. ಹೇಳಲಿಕ್ಕೆ ಇಷ್ಟೇ ಕೆಲಸ. ಆದರೆ ಡಿಸೆಂಬರ್ ಕೊನೆಯಿಂದ ಆವಕ ಏರಿತೆಂದರೆ ಈ ಆರಿಸುವ ಕೆಲಸದ ಮೇಲೆಯೇ ಅಂಗಡಿಯ ಲೆಕ್ಕ ನಿಲ್ಲುತ್ತದೆ. ಒಂದು ಸಾಲು ಬಿಟ್ಟುಹೋದರೆ ಒಬ್ಬ ರೈತನ ದುಡ್ಡು ತಡವಾಗುತ್ತದೆ. ಆದ್ದರಿಂದ ಇಡೀ ಸಾಫ್ಟ್‌ವೇರ್‌ನಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಈ ಒಂದು ವಿಷಯಕ್ಕೆ.

ಕೋಡ್ ಬರೆಯುವ ಮೊದಲು ಗುಮಾಸ್ತರ ಪಕ್ಕದಲ್ಲಿ ಕುಳಿತು, ಹಳೆಯ ಸಾಫ್ಟ್‌ವೇರ್‌ನಲ್ಲಿ ಅವರು ಕೆಲಸ ಮಾಡುವುದನ್ನು ನೋಡಿದೆ. ಅವರು ಹೇಳಿದ್ದು ಹೀಗೆ: "ನೋಡವ್ವಾ, ಕಂಟ್ರೋಲ್ ಹಿಡ್ಕೊಂಡು ಒಂದೊಂದೇ ಲಾಟ್ ಆರಿಸ್ಕೋತ ಹೋಗಿರ್ತೀನಿ. ನಡುವ ಯಾರರೆ ರೈತರು ಬಂದು ಮಾತಾಡಿಸ್ತಾರ. ತಿರುಗಿ ಕುಂತು ಕಂಟ್ರೋಲ್ ಒತ್ತದೆ ಒಂದರ ಮ್ಯಾಲ ಕ್ಲಿಕ್ ಮಾಡಿದ್ನೆಂದ್ರ ಆತು, ಆರಿಸಿದ್ದೆಲ್ಲಾ ಹೋಗಿಬಿಡ್ತದ."

ಇದು ಅವರ ಕೈತಪ್ಪಲ್ಲ. ಕಂಪ್ಯೂಟರ್‌ನ ಇಂಥ ಯಾದಿಗಳಲ್ಲಿ ಬರಿ ಕ್ಲಿಕ್ ಎಂದರೆ "ಹಳೆಯದನ್ನು ಬಿಡು, ಇದೊಂದನ್ನೇ ಹಿಡಿ" ಎಂದೇ ಅರ್ಥ. ಕಂಟ್ರೋಲ್ ಒತ್ತಿದರೆ ಆ ಸಾಲು ಸೇರುತ್ತದೆ ಇಲ್ಲವೇ ಬಿಡುತ್ತದೆ. ಶಿಫ್ಟ್ ಒತ್ತಿದರೆ ಮೊದಲು ಹಿಡಿದ ಸಾಲಿನಿಂದ ಈಗಿನ ಸಾಲಿನವರೆಗೆ ಎಲ್ಲವೂ ಬರುತ್ತದೆ. ನಾಲ್ಕೈದು ಫೈಲ್ ಆರಿಸಲು ಇದು ಒಳ್ಳೆಯ ಏರ್ಪಾಡು. ಗಿರಾಕಿಗಳ ಗದ್ದಲದ ನಡುವೆ ಅರ್ಧ ಗಂಟೆ ಸಾಗುವ ಆಯ್ಕೆಗೆ ಇದು ಸಾಲದು.

ಅಲ್ಲಿಯೇ ನನ್ನ ನಿರ್ಧಾರ ಆಯಿತು. ನೀಲಿ ಬಣ್ಣ ಬೇರೆ, ಟಿಕ್ ಬೇರೆ. ನೀಲಿ ಎಂದರೆ ಈಗ ಕೈ ಎಲ್ಲಿದೆ ಎಂದು ತೋರಿಸುವುದು, ಅದು ಬಂದು ಹೋಗುತ್ತಿರಲಿ. ಟಿಕ್ ಎಂದರೆ ಗುಮಾಸ್ತರ ತೀರ್ಮಾನ. ಅವರಾಗಿಯೇ ತೆಗೆಯುವವರೆಗೆ ಅದು ಹೋಗಬಾರದು. ಬಿಲ್ಲು ಆಗುವುದು ಟಿಕ್ ಇದ್ದ ಲಾಟ್‌ಗಳಿಗೆ ಮಾತ್ರ. ಮೊದಲ ಕಾಲಂನಲ್ಲಿ ಚೆಕ್‌ಬಾಕ್ಸ್ ಇಟ್ಟೆ, ಸ್ಪೇಸ್ ಬಾರ್ ಒತ್ತಿದರೆ ನೀಲಿಯಾದ ಸಾಲುಗಳಿಗೆಲ್ಲ ಒಮ್ಮೆಗೇ ಟಿಕ್ ಬೀಳುವಂತೆ ಮಾಡಿದೆ. ಶಿಫ್ಟ್ ಹಿಡಿದು ಇಪ್ಪತ್ತು ಸಾಲು ನೀಲಿ ಮಾಡಿ ಒಂದು ಸ್ಪೇಸ್ ಒತ್ತಿದರೆ ಸಾಕು.

ನಾನು ಬಳಸಿದ್ದು ಜಾವಾ ಭಾಷೆಯ ಸ್ವಿಂಗ್, ಅಂದರೆ ಪರದೆಯ ಬಟನ್, ಯಾದಿಗಳನ್ನು ಕಟ್ಟುವ ಸಲಕರಣೆ. 1998ರಲ್ಲಿ ಜೆಡಿಕೆ 1.2ರ ಜೊತೆ ಬಂದದ್ದಾದರೂ ಅಂಗಡಿಯ ಹಳೆಯ ಕಂಪ್ಯೂಟರ್‌ಗಳಲ್ಲಿ ತಕರಾರಿಲ್ಲದೆ ಓಡುತ್ತದೆ. ಯಾದಿ ತೋರಿಸುವ ಅದರ ಜೆಟೇಬಲ್‌ಗೆ ಸಾಲುಗಳನ್ನು ವಿಂಗಡಿಸುವ, ಸೋಸುವ (ಬೇಕಾದವನ್ನಷ್ಟೇ ತೋರಿಸುವ) ಸೌಲಭ್ಯ ಬಂದದ್ದು 2006ರ ಜಾವಾ 6ರಲ್ಲಿ. ಇಲ್ಲಿಂದ ಒಂದು ಮುಖ್ಯ ಸಂಗತಿ ಶುರುವಾಗುತ್ತದೆ. ದರದ ಮೇಲೆ ವಿಂಗಡಿಸಿದಾಗ ಪರದೆಯ ಮೂರನೇ ಸಾಲು ಒಳಗಿನ ದತ್ತಾಂಶದಲ್ಲಿ ನಲವತ್ತನೆಯದು ಆಗಿರಬಹುದು. ಆರಿಸಿದ ಸಾಲು ಯಾವುವು ಎಂದು ಕೇಳುವ ಗೆಟ್‌ಸೆಲೆಕ್ಟೆಡ್‌ರೋಸ್ ಕೊಡುವುದು ಪರದೆಯ ಸಂಖ್ಯೆ. ಅದನ್ನು ಒಳಗಿನ ಸಂಖ್ಯೆಗೆ ಬದಲಿಸುವ ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಮೂಲಕ ದಾಟಿಸದೆ ದತ್ತಾಂಶಕ್ಕೆ ಕೈ ಹಾಕಿದರೆ ಆಳಂದದ ರೈತನ ತೂಕ ಸೇಡಂನವನ ಬಿಲ್ಲಿಗೆ ಹೋಗುತ್ತದೆ. ವಿಂಗಡಣೆ ಮಾಡದೆ ಪರೀಕ್ಷೆ ಮಾಡಿದರೆ ಇದು ಸಿಗುವುದೇ ಇಲ್ಲ, ಎರಡೂ ಸಂಖ್ಯೆ ಒಂದೇ ಇರುತ್ತವಲ್ಲ.

ಟಿಕ್‌ಗಳನ್ನಂತೂ ಸಾಲಿನ ಸಂಖ್ಯೆಯಲ್ಲಿ ಇಡಲೇ ಇಲ್ಲ. ಡೇಟಾಬೇಸ್‌ನಲ್ಲಿ ಪ್ರತಿ ಲಾಟ್‌ಗೆ ಇರುವ ಐಡಿಯನ್ನು (ಬೇರೆ ಯಾವ ಲಾಟ್‌ಗೂ ಇರದ ಗುರುತಿನ ಸಂಖ್ಯೆ) ಒಂದು ಹ್ಯಾಶ್‌ಸೆಟ್‌ನಲ್ಲಿ, ಅಂದರೆ ಒಂದೇ ಐಡಿ ಎರಡು ಸಲ ಸೇರದ ಸಂಗ್ರಹದಲ್ಲಿ, ಇಟ್ಟೆ. ಗೋಣಿಗೆ ಬರೆಯುವ ಲಾಟ್ ನಂಬರ್ ಇದಕ್ಕೆ ಬರುವುದಿಲ್ಲ, ಈ ಅಂಗಡಿಯಲ್ಲಿ ಅದು ದಿನಾ ಒಂದರಿಂದ ಶುರುವಾಗುತ್ತದೆ. ಚೆಕ್‌ಬಾಕ್ಸ್ ಅನ್ನು ಪರದೆಯಲ್ಲಿ ಚಿತ್ರಿಸುವಾಗಲೆಲ್ಲ ಪ್ರೋಗ್ರಾಂ ಕೇಳುವುದು ಒಂದೇ ಪ್ರಶ್ನೆ: ಈ ಐಡಿ ಸೆಟ್‌ನಲ್ಲಿ ಇದೆಯೇ? ಸಾಲು ಮೇಲೆ ಹೋಗಲಿ, ಕೆಳಗೆ ಬರಲಿ, ಮರೆಯಾಗಲಿ, ಟಿಕ್ ತನ್ನ ಲಾಟ್‌ನ ಜೊತೆಗೇ ಇರುತ್ತದೆ.

ಹೆಚ್ಚು ಕೆಲಸ ಹಿಡಿದದ್ದು ಯಾದಿಯನ್ನು ತಾಜಾ ಮಾಡುವ ಭಾಗ. ಇನ್ನೊಂದು ಕಂಪ್ಯೂಟರ್‌ನಲ್ಲಿ ತೂಕ ಸೇರಿಸುತ್ತಲೇ ಇರುತ್ತಾರೆ, ಅದು ಈ ಪರದೆಗೂ ಬರಬೇಕು. ಸುಲಭದ ದಾರಿ ಎಂದರೆ ಎಲ್ಲ ಸಾಲುಗಳನ್ನು ಹೊಸದಾಗಿ ಓದಿ ಫೈರ್‌ಟೇಬಲ್‌ಡೇಟಾಚೇಂಜ್ಡ್ ಎಂದು ಕೂಗುವುದು. ಆಗ ಜೆಟೇಬಲ್ ಎಲ್ಲವೂ ಬದಲಾಗಿದೆ ಎಂದು ತಿಳಿದು ನೀಲಿ ಆಯ್ಕೆಯನ್ನು ಪೂರಾ ಅಳಿಸಿಬಿಡುತ್ತದೆ. ಶಿಫ್ಟ್ ಹಿಡಿಯಲು ಹೊರಟ ಕೈಗೆ ಆಧಾರವೇ ಇಲ್ಲದಂತಾಗುತ್ತದೆ. ಸೇರಿದ ಸಾಲು ಎಷ್ಟು, ಬದಲಾದದ್ದು ಯಾವುದು ಎಂದು ಖಚಿತವಾಗಿ ಗೊತ್ತಿದ್ದರೆ ಫೈರ್‌ಟೇಬಲ್‌ರೋಸ್‌ಇನ್ಸರ್ಟೆಡ್‌ನಂಥ ಸಣ್ಣ ಸೂಚನೆ ಕೊಡುವುದೇ ಸರಿ, ಆಯ್ಕೆ ತಾನೇ ಸರಿದು ಹೊಂದಿಕೊಳ್ಳುತ್ತದೆ.

ಪೂರ್ತಿ ಓದಲೇಬೇಕಾದ ಹೊತ್ತಿಗೆ ನಾನು ಮಾಡುವುದು ಹೀಗೆ. ನೀಲಿಯಾದ ಲಾಟ್‌ಗಳ ಐಡಿ, ಶಿಫ್ಟ್‌ಗೆ ಆಧಾರವಾದ ಆ್ಯಂಕರ್ ಸಾಲಿನ ಐಡಿ, ಈಗ ಕರ್ಸರ್ ಇರುವ ಲೀಡ್ ಸಾಲಿನ ಐಡಿ, ಮೂರನ್ನೂ ತೆಗೆದಿಟ್ಟುಕೊಳ್ಳುತ್ತೇನೆ. "ಆಯ್ಕೆ ಇನ್ನೂ ಬದಲಾಗುತ್ತಿದೆ" ಎಂದು ಸೂಚಿಸುವ ಸೆಟ್‌ವ್ಯಾಲ್ಯೂಇಸ್‌ಅಡ್ಜಸ್ಟಿಂಗ್‌ಗೆ ಟ್ರೂ ಕೊಟ್ಟು, ಹೊಸ ದತ್ತಾಂಶ ತುಂಬಿ, ಐಡಿಗಳು ಈಗ ಯಾವ ಸಾಲಿನಲ್ಲಿವೆ ಎಂದು ಹುಡುಕಿ ಒಂದೊಂದಾಗಿ ಸೇರಿಸುತ್ತೇನೆ. ಹೀಗೆ ಸೇರಿಸುವಾಗ ಆ್ಯಂಕರ್, ಲೀಡ್ ಎರಡೂ ಕೊನೆಯ ಸಾಲಿಗೆ ಜಾರುತ್ತವೆ, ಅವನ್ನು ಮತ್ತೆ ಕೂರಿಸಬೇಕು. ಇಲ್ಲಿ ಸೆಟ್‌ಲೀಡ್‌ಸೆಲೆಕ್ಷನ್‌ಇಂಡೆಕ್ಸ್ ಕರೆಯಬಾರದು, ಅದು ಆ್ಯಂಕರ್‌ನಿಂದ ಲೀಡ್‌ವರೆಗಿನ ಆಯ್ಕೆಯನ್ನೇ ಬದಲಿಸುತ್ತದೆ. ಆಯ್ಕೆ ಮುಟ್ಟದೆ ಲೀಡ್ ಮಾತ್ರ ಸರಿಸಲು ಮೂವ್‌ಲೀಡ್‌ಸೆಲೆಕ್ಷನ್‌ಇಂಡೆಕ್ಸ್ ಎಂಬುದು ಆಯ್ಕೆಯ ಲೆಕ್ಕ ಇಡುವ ಡಿಫಾಲ್ಟ್‌ಲಿಸ್ಟ್‌ಸೆಲೆಕ್ಷನ್‌ಮಾಡೆಲ್‌ನಲ್ಲಿ ಇದೆ. ಕೊನೆಗೆ ಅಡ್ಜಸ್ಟಿಂಗ್‌ಗೆ ಫಾಲ್ಸ್ ಕೊಡುತ್ತೇನೆ. ಗುಮಾಸ್ತರಿಗೆ ಪರದೆ ಕದಲಿದ್ದೇ ಗೊತ್ತಾಗುವುದಿಲ್ಲ. ಟಿಕ್ ಹಾಕಿದ ಲಾಟ್‌ಗೆ ಆ ಹೊತ್ತಿನಲ್ಲಿ ಬೇರೆ ಕಡೆ ಬಿಲ್ಲು ಆಗಿದ್ದರೆ ಮಾತ್ರ ಪರದೆಯ ಕೆಳಗಿರುವ ಮಾಹಿತಿ ಪಟ್ಟಿಯಲ್ಲಿ ಆ ರೈತರ ಹೆಸರು ಸಹಿತ ತಿಳಿಸುತ್ತೇನೆ. ಟಿಕ್ ಸದ್ದಿಲ್ಲದೆ ಮಾಯವಾಗುವುದು ನನಗೆ ಒಪ್ಪಿಗೆಯಿಲ್ಲ.

ಕೆಳಗಿನ ಆ ಪಟ್ಟಿಯಲ್ಲಿ ಆರಿಸಿದ ಒಟ್ಟು ಚೀಲ, ಕ್ವಿಂಟಲ್, ಮೊತ್ತವೂ ಕಾಣುತ್ತದೆ. ನೀಲಿ ಸಾಲುಗಳ ಮೊತ್ತ ಬೇರೆ, ಟಿಕ್‌ಗಳದ್ದು ಬೇರೆ. ಮೌಸ್ ಎಳೆಯುವಾಗ ಆಯ್ಕೆ ಬದಲಾದ ಸುದ್ದಿ ಮೇಲಿಂದ ಮೇಲೆ ಬರುತ್ತದೆ. ಗೆಟ್‌ವ್ಯಾಲ್ಯೂಇಸ್‌ಅಡ್ಜಸ್ಟಿಂಗ್ ಟ್ರೂ ಇರುವವರೆಗೆ ಸುಮ್ಮನಿದ್ದು, ಬೆರಳು ಬಿಟ್ಟ ಮೇಲೆ ಲೆಕ್ಕ ಹಾಕಬೇಕು ಎಂಬುದು ಎಲ್ಲರೂ ಹೇಳುವ ಮಾತು. ಆದರೆ ಕೆಳಬಾಣದ ಕೀಲಿಯನ್ನು ಒತ್ತಿಹಿಡಿದರೆ ಪ್ರತಿ ಸಾಲಿಗೂ ಫಾಲ್ಸ್ ಆಗಿಯೇ ಬರುತ್ತದೆ. ಆದ್ದರಿಂದ 150 ಮಿಲಿಸೆಕೆಂಡಿನ ಒಂದು ಸ್ವಿಂಗ್ ಟೈಮರ್ ಇಟ್ಟು, ಪ್ರತಿ ಸುದ್ದಿಗೂ ಅದನ್ನು ರೀಸ್ಟಾರ್ಟ್ ಮಾಡುತ್ತೇನೆ. ಕೈ ನಿಂತ ಮೇಲೆ ಒಂದೇ ಸಲ ಲೆಕ್ಕ ಆಗುತ್ತದೆ.

ಸೋಸುವ ವಿಷಯದಲ್ಲಿ ಅಂಗಡಿಯ ಸಾಹುಕಾರರ ಜೊತೆ ಚರ್ಚೆಯೇ ಆಯಿತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ತಾಲೂಕುವಾರು ಮಾಲು ನೋಡುವುದು ಅವರಿಗೆ ಬೇಕು. ಅಫಜಲಪುರ ಎಂದು ಸೋಸಿದರೆ ಚಿತ್ತಾಪುರದ ಲಾಟ್‌ಗಳ ಟಿಕ್ ಏನಾಗಬೇಕು? "ಕಾಣದಿದ್ದದ್ದು ಬಿಲ್ಲಿನ್ಯಾಗ ಬರಬಾರದು" ಎಂದರು ಅವರು. "ಟಿಕ್ ಹಾಕಿದ್ದು ಹೋಗಬಾರದ್ರಿ ಸಾಹುಕಾರ್ರ" ಎಂದರು ಗುಮಾಸ್ತರು. ಇಬ್ಬರ ಮಾತೂ ಸರಿಯಾಗಿತ್ತು. ಟಿಕ್ ಉಳಿಸಿದೆ. ಜೊತೆಗೆ "ಆರಿಸಿದ್ದು 12, ಇಲ್ಲಿ ಕಾಣದ್ದು 5" ಎಂದು ದಪ್ಪ ಅಕ್ಷರದಲ್ಲಿ ಬರೆಸಿದೆ. ಕಾಣದ ಟಿಕ್ ಒಂದಿದ್ದರೂ ಬಿಲ್ಲಿನ ಬಟನ್ ಒತ್ತಿದಾಗ ಸೋಸುವುದನ್ನು ತೆಗೆದು, ಟಿಕ್ ಇದ್ದ ಲಾಟ್‌ಗಳನ್ನಷ್ಟೇ ಪೂರ್ತಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಎಲ್ಲವನ್ನೂ ಆರಿಸುವ ಕಂಟ್ರೋಲ್ ಎ ಒತ್ತಿದರೆ ಆಗ ಕಾಣುವ ಸಾಲುಗಳನ್ನಷ್ಟೇ ಹಿಡಿಯುತ್ತದೆ, ಅದರಲ್ಲಿ ಮಾತಿಲ್ಲ.

ಸಾಲಿನ ಎತ್ತರದ ಬಗ್ಗೆ ಒಂದು ಮಾತು. ಜೆಟೇಬಲ್ ತಾನಾಗಿ ಕೊಡುವುದು 16 ಪಿಕ್ಸೆಲ್. ಕನ್ನಡದ ಒತ್ತಕ್ಷರ ಅದರಲ್ಲಿ ಕೆಳಗೆ ಕತ್ತರಿಸಿಹೋಗುತ್ತದೆ, ಮಲ್ಲಪ್ಪ ಯಾರು, ಮಲಪ ಯಾರು ತಿಳಿಯದು. ಅಕ್ಷರದ ಅಳತೆ ಕೊಡುವ ಫಾಂಟ್‌ಮೆಟ್ರಿಕ್ಸ್‌ನಿಂದ ಎತ್ತರ ತೆಗೆದು ಇನ್ನೂ ಸ್ವಲ್ಪ ಸೇರಿಸಿದೆ. ಸಾಲು ದೊಡ್ಡದಾದಷ್ಟೂ ಪಕ್ಕದ ಸಾಲಿಗೆ ಕ್ಲಿಕ್ ಬೀಳುವುದೂ ಕಡಿಮೆ.

ಸಾಲು ಅಳಿಸುವಾಗ ಕೆಳಗಿನಿಂದ ಮೇಲಕ್ಕೆ ಅಳಿಸುತ್ತಾ ಬರಬೇಕು, ಮೇಲಿನಿಂದ ಹೋದರೆ ಉಳಿದ ಸಂಖ್ಯೆಗಳೆಲ್ಲ ಒಂದೊಂದು ಸರಿದುಬಿಡುತ್ತವೆ. ಅಳಿಸಿದ ಮೇಲೆ ಅದೇ ಜಾಗಕ್ಕೆ ಬಂದ ಸಾಲನ್ನು ನೀಲಿ ಮಾಡಿದರೆ ಕೀಬೋರ್ಡ್‌ನಲ್ಲೇ ಕೆಲಸ ಮುಂದುವರಿಯುತ್ತದೆ.

ಈಗ ಇದೇ ಯಾದಿಯನ್ನು ಆಂಡ್ರಾಯ್ಡ್ ಮೊಬೈಲ್‌ಗೆ ತರುತ್ತಿದ್ದೇನೆ. ಅಲ್ಲಿ ಯಾದಿ ತೋರಿಸುವ ರಿಸೈಕ್ಲರ್‌ವ್ಯೂ ಹತ್ತಾರು ಸಾಲುಗಳನ್ನಷ್ಟೇ ಮಾಡಿಟ್ಟುಕೊಂಡು, ಪರದೆ ಸರಿಸಿದಂತೆ ಅವನ್ನೇ ಬೇರೆ ಲಾಟ್‌ಗೆ ಬಳಸುತ್ತದೆ. ಟಿಕ್ ಅನ್ನು ಚೆಕ್‌ಬಾಕ್ಸ್‌ನಲ್ಲೇ ಬಿಟ್ಟರೆ ಕೆಳಗೆ ಸರಿಸಿದಾಗ ಯಾರದೋ ಟಿಕ್ ಇನ್ಯಾರಿಗೋ ಕಾಣುತ್ತದೆ. ಐಡಿಗಳ ಸೆಟ್ ಮೊದಲೇ ಇದ್ದುದರಿಂದ ಸಾಲಿಗೆ ದತ್ತಾಂಶ ತುಂಬುವ ಜಾಗದಲ್ಲಿ ಟಿಕ್ ಇದೆಯೋ ಇಲ್ಲವೋ ಎಂದು ಸೆಟ್ ನೋಡಿ, ಇದ್ದರೂ ಇಲ್ಲದಿದ್ದರೂ ಅದನ್ನು ಸ್ಪಷ್ಟವಾಗಿ ಬರೆದರೆ ಸಾಕಾಯಿತು. ಅದಕ್ಕೂ ಮೊದಲು ಚೆಕ್‌ಬಾಕ್ಸ್‌ನ ಲಿಸನರ್ ಅನ್ನು (ಟಿಕ್ ಬದಲಾದದ್ದನ್ನು ಗಮನಿಸುವ ಕೋಡ್) ಬಿಡಿಸಿಡಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಹಾಕಿದ ಟಿಕ್ ಅನ್ನೂ ಅದು ಗುಮಾಸ್ತರ ಟಿಕ್ ಎಂದೇ ತಿಳಿದು ಹಳೆಯ ಲಾಟ್‌ನ ಹೆಸರಿಗೆ ಸೆಟ್‌ಗೆ ಸೇರಿಸಿಬಿಡುತ್ತದೆ.