ಹಳೇ ಚಿರೆಕಲ್ಲಿನ ಮನೆಗೆ ಡಿಶ್‌ವಾಶರ್ ಕೂರಿಸುವುದು ಹೇಗೆ

ಕುಮಟಾ ಹತ್ತಿರದ ನಮ್ಮ ಮನೆ ಚಿರೆಕಲ್ಲಿನದು. ಹಂಚಿನ ಮಾಡು, ಒಂದೂವರೆ ಅಡಿ ದಪ್ಪದ ಗೋಡೆ. ಆಯಿಗೆ ಸೊಂಟನೋವು ಜಾಸ್ತಿಯಾಗಿ ಬಗ್ಗಿ ಪಾತ್ರೆ ತೊಳೆಯುವುದು ಕಷ್ಟ ಆದ ಮೇಲೆ ಡಿಶ್‌ವಾಶರ್, ಜೊತೆಗೊಂದು ಇಂಡಕ್ಷನ್ ಒಲೆ ತಂದೆ. ಹೊಸ ಫ್ಲ್ಯಾಟಿನಲ್ಲಾದರೆ ಇದು ಒಂದು ಗಂಟೆ ಕೆಲಸ. ನಮ್ಮ ಕಡೆಯ ಹಳೇ ಮನೆಯಲ್ಲಿ ಯಂತ್ರ ಕೂರಿಸುವುದು ಕಟ್ಟಕಡೆಗೆ, ಅದಕ್ಕೂ ಮೊದಲು ಮಾಡಬೇಕಾದ್ದೇ ಹೆಚ್ಚು.

ಎಲ್ಲಕ್ಕಿಂತ ಮೊದಲು ಅರ್ಥಿಂಗ್, ಅಂದರೆ ಯಂತ್ರದ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ನಮ್ಮ ಅಡಿಗೆಮನೆಯಲ್ಲಿ ಮೂರು ತೂತಿನ ಪ್ಲಗ್ ಪಾಯಿಂಟ್ ಇತ್ತು, ನೋಡಿದವರು ಅರ್ಥಿಂಗ್ ಇದೆ ಅಂತಲೇ ಅಂದುಕೊಳ್ಳಬೇಕು. ಮೇನ್ ಆಫ್ ಮಾಡಿ ಬಿಚ್ಚಿದರೆ ಮೂರನೇ ತೂತಿನ ಹಿಂದೆ ವೈರೇ ಇಲ್ಲ. ಗ್ರೈಂಡರ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅನ್ನುತ್ತದೆ ಅಂತ ಆಯಿ ಎಷ್ಟೋ ವರ್ಷದಿಂದ ಹೇಳುತ್ತಿದ್ದಳು, ನಾವ್ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆಕೆ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವವಳು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ದಯವಿಟ್ಟು ನಿಮ್ಮ ಮನೆಯ ಪಾಯಿಂಟನ್ನೂ ಒಮ್ಮೆ ಬಿಚ್ಚಿಸಿ ನೋಡಿ.

ಮಲ್ಟಿಮೀಟರ್ ಇಟ್ಟಾಗ ಫೇಸ್‌ಗೂ (ಕರೆಂಟ್ ಬರುವ ವೈರ್) ಅರ್ಥ್‌ಗೂ ನಡುವೆ 230 ವೋಲ್ಟ್ ತೋರಿಸಿತು ಅಂತ ಸಮಾಧಾನ ಪಡಬೇಡಿ. ಸಂಪರ್ಕ ಎಳೆಯಷ್ಟು ಇದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸಿಬಿಡುತ್ತದೆ. ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳತೆ ಮಾಡಿಸಿ, 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಅರ್ಥಿಂಗ್‌ಗೆ ಹೊಸ ಗುಂಡಿ ತೋಡುವುದಾದರೆ ಬಚ್ಚಲ ನೀರು ಹೋಗುವ ಕಡೆ, ವರ್ಷಪೂರ್ತಿ ತೇವ ಇರುವ ಜಾಗ ಆರಿಸಿ, ಗೋಡೆಯಿಂದ ಒಂದೂವರೆ ಮೀಟರ್ ಆಚೆ, ಬಾವಿಯಿಂದ ದೂರ. ಸುಮಾರು ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ. ನಮ್ಮ ಕೆಂಪು ಮಣ್ಣು ಜೂನ್‌ನಲ್ಲಿ ಕೆಸರು, ಏಪ್ರಿಲ್ ಬಂತೆಂದರೆ ಇಟ್ಟಿಗೆ. ಒಣಗಿದ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯಬೇಕು. ಗುಂಡಿ ನಾನೇ ತೋಡಿದೆ. ಹಾರೆ ಹಿಡಿದು ಎರಡು ದಿನ ಬೇಕಾಯಿತು.

ಕೆಲವರು ಪಾಯಿಂಟಿನ ಒಳಗೇ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್‌ಗೆ ಒಂದು ತುಂಡು ವೈರ್ ಸೇರಿಸಿ ಆಯ್ತು ಅನ್ನುತ್ತಾರೆ. ಇದನ್ನು ಯಾವತ್ತೂ ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಎಲ್ಲೋ ನ್ಯೂಟ್ರಲ್ ಕಡಿದರೆ ಯಂತ್ರದ ಇಡೀ ಸ್ಟೀಲ್ ಮೈಗೆ ಕರೆಂಟ್ ಬರುತ್ತದೆ.

ಆಮೇಲೆ ಲೋಡ್. ಇಂಡಕ್ಷನ್ ಒಲೆ 2000 ವ್ಯಾಟ್, ನೀರು ಬಿಸಿ ಮಾಡುವಾಗ ಡಿಶ್‌ವಾಶರ್ ಸುಮಾರು ಅಷ್ಟೇ, ಗೀಸರ್ ಇದ್ದರೆ ಇನ್ನೊಂದು 2000. ಮೂರೂ ಒಟ್ಟಿಗೆ ನಡೆದರೆ 26 ಆಂಪಿಯರ್. ನಾಲ್ಕು ಬಲ್ಬು, ಒಂದು ರೇಡಿಯೋಗೆ ಅಂತ ಎಳೆದ ಹಳೇ ವೈರಿಗೆ ಇದನ್ನು ಹೊರುವ ಶಕ್ತಿ ಇಲ್ಲ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಕಡಿಮೆ ಇದ್ದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಡಿ. ಮೀಟರ್ ಮತ್ತು ಮೇನ್ ಬೋರ್ಡಿಗೆ ನಾನು ಕೈ ಹಾಕಲಿಲ್ಲ, ನೀವೂ ಹಾಕಬೇಡಿ. ನಾನು ಮಾಡಿದ್ದು ಗೋಡೆಯ ಮೇಲೆ ಕೇಸಿಂಗ್ (ವೈರ್ ಮುಚ್ಚುವ ಪ್ಲಾಸ್ಟಿಕ್ ಪಟ್ಟಿ) ಹೊಡೆದು ವೈರ್ ಎಳೆದದ್ದು ಮಾತ್ರ: ಒಂದೊಂದು ಯಂತ್ರಕ್ಕೂ ಬೋರ್ಡಿನಿಂದ ಬೇರೆಬೇರೆ 4 ಚದರ ಮಿಲಿಮೀಟರಿನ ತಾಮ್ರದ ವೈರ್, 16 ಆಂಪಿಯರ್ ಪಾಯಿಂಟ್. ಬೋರ್ಡಿನ ಜೋಡಣೆ, ಎಂಸಿಬಿ (ಲೋಡ್ ಮೀರಿದರೆ ತಾನಾಗಿ ಬೀಳುವ ಸ್ವಿಚ್), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಎಲ್ಲ ಎಲೆಕ್ಟ್ರಿಷಿಯನ್ ಬಂದು ಮಾಡಿದರು. ಆರ್‌ಸಿಸಿಬಿಯನ್ನು ಸದ್ಯಕ್ಕೆ ಅಡಿಗೆಮನೆಯ ಹೊಸ ಲೈನಿಗಷ್ಟೇ ಹಾಕಿಸಿದ್ದೇವೆ. ಮಳೆಗಾಲದಲ್ಲಿ ಹಳೇ ವೈರಿಂಗ್ ತೇವ ಹೀರಿ ಕರೆಂಟ್ ಸೋರುತ್ತದೆ, ಇಡೀ ಮನೆಗೆ ಒಂದೇ ಹಾಕಿದರೆ ದಿನಕ್ಕೆ ಹತ್ತು ಸಲ ಬೀಳುತ್ತದೆ, ಬೇಸತ್ತು ಯಾರೋ ಅದನ್ನೇ ಕಿತ್ತು ಹಾಕುತ್ತಾರೆ. ಉಳಿದ ವೈರಿಂಗ್ ಬದಲಾದಂತೆ ಅದಕ್ಕೂ ಹಾಕಿಸುವುದು.

ವೈರಿಗಾಗಿ ಗೋಡೆ ಕೊರೆಯಲು ಹೋಗಬೇಡಿ. ಚಿರೆಕಲ್ಲಿಗೆ ಹ್ಯಾಮರ್ ಮೋಡಿನಲ್ಲಿ ಡ್ರಿಲ್ ಹಿಡಿದರೆ ಮೊದಲು ಗಟ್ಟಿ ಅನ್ನಿಸುತ್ತದೆ, ಕೂಡಲೇ ಬೆಲ್ಲದ ಅಚ್ಚಿಗೆ ಚುಚ್ಚಿದ ಹಾಗೆ ಸರ್ರನೆ ಒಳಗೆ ಹೋಗುತ್ತದೆ. ಕೆಂಪು ಪುಡಿ ಧಾರಾಕಾರ ಸುರಿಯುತ್ತದೆ, 8 ಮಿಲಿಮೀಟರಿನ ತೂತು ಹೆಬ್ಬೆರಳು ತೂರುವಷ್ಟು ಅಗಲವಾಗಿರುತ್ತದೆ, ಸ್ಕ್ರೂ ಹಿಡಿಯಲು ತೂರಿಸುವ ಪ್ಲಾಸ್ಟಿಕ್ ಪ್ಲಗ್ ಸುಮ್ನೆ ಗರಗರ ತಿರುಗುತ್ತದೆ. ಕೇಸಿಂಗ್ ಬಿಗಿಯುವ ಸ್ಕ್ರೂಗೆ ತೂತು ಬೇಕಾದರೆ ಹ್ಯಾಮರ್ ಬಂದ್ ಮಾಡಿ, ಬೇಕಾದ್ದಕ್ಕಿಂತ ಒಂದು ಸೈಜ್ ಚಿಕ್ಕ ಬಿಟ್ ಹಾಕಿ, ನಿಧಾನ ಕೊರೆಯಿರಿ. ಸ್ಕ್ರೂ 3 ಇಂಚಿನದಾದರೂ ಇರಲಿ. ತೂಕದ ಸಾಮಾನಾದರೆ ಒಂದು ಇಂಚು ದಪ್ಪದ ಹಲಸಿನ ಹಲಗೆಯನ್ನು ಆರೆಂಟು ಕಡೆ ಗೋಡೆಗೆ ಬಿಗಿದು, ಸಾಮಾನನ್ನು ಆ ಹಲಗೆಗೆ ಕೂರಿಸಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ. ಕಾರವಾರದಿಂದ ಭಟ್ಕಳದವರೆಗೆ ಉಪ್ಪು ಗಾಳಿ, ಮಾಮೂಲಿ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ತಾಮ್ರದ ಜೋಡಣೆಗೂ ಹಸಿರು ಕಿಲುಬು ಬರುತ್ತದೆ, ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿಸಿ ಬಿಚ್ಚಿ ನೋಡಿಸಿ.

ಚಿಮಣಿ ಹಾಕಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಒಳಮಾಡು ಇಲ್ಲದ ಹಂಚಿನ ಅಡಿಗೆಮನೆಗೆ ನನ್ನ ಪ್ರಕಾರ ಬೇಡ, ಒಂದು ಎಕ್ಸಾಸ್ಟ್ ಫ್ಯಾನ್ ಸಾಕು. ಹಾಕಲೇಬೇಕು ಅಂದರೆ ಕೊಳವೆಯ ಬಾಯಿ ಪಶ್ಚಿಮಕ್ಕೆ ಬೇಡ, ಮಳೆಗಾಲದ ಗಾಳಿ ನೀರನ್ನೆಲ್ಲ ಒಳಗೆ ತುಂಬುತ್ತದೆ. ಕಟ್ಟಿಗೆ ಒಲೆಯ ಮೇಲಂತೂ ಬೇಡವೇ ಬೇಡ, ಕಿಡಿ ಹಾರಿ ಒಳಗಿನ ಜಿಡ್ಡಿಗೆ ಹತ್ತಿಕೊಳ್ಳುತ್ತದೆ.

ಯಂತ್ರ ಆರ್ಡರ್ ಮಾಡುವ ಮೊದಲು ಬಾಗಿಲು ಅಳೆಯಿರಿ. ದೊಡ್ಡ ಡಿಶ್‌ವಾಶರ್ 60 ಸೆಂಟಿಮೀಟರ್ ಅಗಲ, 85 ಎತ್ತರ. ನಮ್ಮ ಅಡಿಗೆಮನೆ ಬಾಗಿಲು ಕಿರಿದು, ಹೊಸ್ತಿಲು ಎತ್ತರ, ಪ್ಯಾಕಿಂಗ್ ಹೊರಗೇ ಬಿಚ್ಚಿ ಅಡ್ಡ ತಿರುಗಿಸಿ ದಾಟಿಸಬೇಕಾಯಿತು. ಕಲ್ಲಿನ ಕಟ್ಟೆಯ ಕೆಳಗೆ ಕೂರುತ್ತದೆ ಅಂತಲೂ ಅಂದಾಜಿನ ಮೇಲೆ ಹೋಗಬೇಡಿ.

ನೀರಿನ ಒತ್ತಡ ಇನ್ನೊಂದು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಎಷ್ಟೋ ಯಂತ್ರಗಳು ಕನಿಷ್ಠ 0.3ರಿಂದ 0.5 ಬಾರ್ ಕೇಳುತ್ತವೆ, ಅಂದರೆ ಟ್ಯಾಂಕು ನಲ್ಲಿಗಿಂತ 3ರಿಂದ 5 ಮೀಟರ್ ಮೇಲಿರಬೇಕು. ನಮ್ಮ ಟ್ಯಾಂಕು ಬಚ್ಚಲ ಮಾಡಿನ ಪಕ್ಕ ಗಿಡ್ಡ ಕಂಬದ ಮೇಲಿತ್ತು, ಸಾಲಲಿಲ್ಲ. ಚಿಕ್ಕ ಪ್ರೆಶರ್ ಪಂಪ್ ಹಾಕಿದೆ. ಯಂತ್ರದ ಪೈಪಿಗೆ ಮುಕ್ಕಾಲು ಇಂಚಿನ ತಿರುಪು (ಥ್ರೆಡ್) ಇರುತ್ತದೆ, ಮನೆಯ ನಲ್ಲಿ ಅರ್ಧ ಇಂಚಿನದು, ವಾಶಿಂಗ್ ಮಶೀನಿನ ನಲ್ಲಿ ತಂದರೆ ಸರಿಹೋಗುತ್ತದೆ. ಕೊಳೆ ನೀರಿನ ಪೈಪನ್ನು ನೇರ ನೆಲಕ್ಕೆ ಬಿಡಬೇಡಿ. ಕೈಪಿಡಿಯಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ ನೆಲದಿಂದ 40 ಸೆಂಟಿಮೀಟರಿಗಿಂತ ಮೇಲೆ ಎತ್ತಿ ಕಟ್ಟಿ, ಇಲ್ಲದಿದ್ದರೆ ತುಂಬಿದ ನೀರೆಲ್ಲ ತಾನಾಗಿ ಹರಿದು ಹೋಗುತ್ತದೆ. ಹೊರಗಿನ ತುದಿಗೆ ಜಾಲರಿ ಹಾಕಿ, ಇಲಿ ಹಾವು ಬರಬಾರದು ಅಲ್ವಾ.

ಪಾಯಿಂಟ್ ಯಂತ್ರದ ಹಿಂದೆ ಬೇಡ. ಪಕ್ಕದಲ್ಲಿ, ಮೂರಡಿ ಎತ್ತರದಲ್ಲಿ ಇರಲಿ. ನೆಲಕ್ಕೆ ನೀರು ಹೊಯ್ದು ತೊಳೆಯುವ ಮನೆ ಇದು. ಗುಡುಗು ಶುರುವಾದರೆ ಆಯಿಯೇ ಕೈ ಚಾಚಿ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯುವಂತಿರಬೇಕು.

ನೆಲ ಏರುಪೇರಾಗಿದ್ದರೆ ಕೆಳಗೆ ಕಡಪ ಕಲ್ಲು ಹಾಸಿ, ಕಾಲು ತಿರುಗಿಸಿ ಮಟ್ಟ ಮಾಡಿ. ಮೊದಲ ಸಲ ಖಾಲಿ ಓಡಿಸಿ, ಪೂರ್ತಿ ಮುಗಿಯುವವರೆಗೆ ಪಕ್ಕದಲ್ಲೇ ಕೂತು ಜೋಡಣೆಗಳನ್ನೆಲ್ಲ ಒಣಗಿದ ಬಟ್ಟೆಯಿಂದ ಮುಟ್ಟಿ ನೋಡಿ. ಕಬ್ಬಿಣದ ಕಾವಲಿ, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಒಳಗೆ ಹಾಕಬೇಡಿ. ಪಾತ್ರೆಗೆ ಅಂಟಿದ ಕಾಯಿತುರಿ ಕೊಡವಿ ಹಾಕಿ, ಫಿಲ್ಟರ್ ಕಟ್ಟುವುದು ಅದರಿಂದಲೇ. ಮಳೆಗಾಲದಲ್ಲಿ ತೊಳೆದಾದ ಮೇಲೆ ಬಾಗಿಲನ್ನು ನಾಲ್ಕು ಬೆರಳು ತೆರೆದಿಡಿ, ಮುಚ್ಚಿಟ್ಟರೆ ಎರಡೇ ದಿನಕ್ಕೆ ರಬ್ಬರಿಗೆ ಬೂಷ್ಟು ಹಿಡಿಯುತ್ತದೆ.