ಟ್ರೈಕಾರ್ಡರ್ ಪ್ರತಿಕೃತಿಯ ದುರಸ್ತಿ ಮತ್ತು ಕನ್ನಡದ ಮಾರ್ಪಾಟು: ಕಾಸರಗೋಡಿನ ಹವೆಗೆ ಒಗ್ಗುವ ಕ್ರಮ

1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಸರಣಿಯ ಪಾತ್ರಗಳು ಅಪರಿಚಿತ ಗ್ರಹಗಳ ಗಾಳಿಯನ್ನೂ ಜೀವಕುರುಹುಗಳನ್ನೂ ಅಳೆಯಲು ಹೆಗಲಿಗೆ ತೂಗುಹಾಕಿಕೊಂಡಿದ್ದ ಟ್ರೈಕಾರ್ಡರ್ ಎಂಬ ಉಪಕರಣಕ್ಕೆ ರೂಪ ಕೊಟ್ಟವರು ವಾಹ್ ಚಾಂಗ್ ಎಂಬ ಕಲಾವಿದರು. 1987ರಲ್ಲಿ ಆರಂಭವಾದ ಮುಂದಿನ ಸರಣಿಯಲ್ಲಿ ಅದೇ ಉಪಕರಣ ಅಂಗೈಯಲ್ಲಿ ಹಿಡಿಯಬಹುದಾದ, ಮಡಚುವ ಡಬ್ಬಿಯಾಗಿ ಬದಲಾಯಿತು. ದೀಪ ಮಿನುಗಿಸಿ ಸದ್ದು ಮಾಡುವ ಇದರ ಪ್ರತಿಕೃತಿಗಳು ನಮ್ಮ ಕಾಸರಗೋಡು, ಉಪ್ಪಳ, ಕುಂಬಳೆ ಕಡೆಯ ಮನೆಗಳಿಗೆ ಹೆಚ್ಚಾಗಿ ಬರುವುದು ಗಲ್ಫಿನಿಂದ ರಜೆಗೆ ಬರುವ ಬಂಧುಗಳ ಪೆಟ್ಟಿಗೆಯಲ್ಲಿ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅವು ಮೂಕವಾಗುತ್ತವೆ. ಯಂತ್ರ ಸತ್ತಿದೆ ಎಂದು ಅಟ್ಟಕ್ಕೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಬೇಕು. ಇಂಥ ವಸ್ತುಗಳಲ್ಲಿ ನಿಜವಾಗಿ ಸತ್ತಿರುವುದು ಬಹಳ ಕಡಿಮೆ, ತೇವಕ್ಕೆ ಕಿಲುಬು ಹಿಡಿದಿರುವುದೇ ಹೆಚ್ಚು.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಬೇಕು. ಮೂಲ ಪೆಟ್ಟಿಗೆ, ಕಾಗದಪತ್ರಗಳ ಸಹಿತ ಕೆಡದೆ ಉಳಿದ ಪ್ರತಿಕೃತಿಯಾಗಿದ್ದರೆ ಅದನ್ನು ಶುಚಿಗೊಳಿಸಿ ಚಾಲೂ ಮಾಡುವುದಕ್ಕೆ ನಿಲ್ಲಿಸಿ, ಬಣ್ಣ ಬದಲಿಸುವ ಗೋಜಿಗೆ ಹೋಗದಿರುವುದು ಲೇಸು. ಸವೆದ, ಭಾಗ ಕಳೆದುಕೊಂಡ ಪ್ರತಿಕೃತಿಯಾದರೆ ಮಾರ್ಪಾಟಿಗೆ ಧಾರಾಳ ಅವಕಾಶವಿದೆ. ಎರಡೂ ಸಂದರ್ಭದಲ್ಲಿ ನಾನು ಬಿಡದೆ ಪಾಲಿಸುವ ನಿಯಮವೆಂದರೆ, ಹೊಸದಾಗಿ ಸೇರಿಸಿದ ಯಾವುದೇ ಭಾಗವನ್ನು ಮುಂದೊಂದು ದಿನ ಗುರುತು ಉಳಿಯದಂತೆ ತೆಗೆಯಲು ಸಾಧ್ಯವಿರಬೇಕು ಮತ್ತು ತೆಗೆದ ಮೂಲ ಭಾಗ ಹೆಸರು ಬರೆದ ಪೊಟ್ಟಣದಲ್ಲಿ ಉಳಿದಿರಬೇಕು. ಸದ್ದು ಇನ್ನೂ ಬರುತ್ತಿದ್ದರೆ ಬಿಚ್ಚುವ ಮೊದಲೇ ಎಲ್ಲ ಸದ್ದುಗಳನ್ನೂ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಆ ಸದ್ದುಗಳು ಇರುವುದು ಮಂಡಲದ (ಸರ್ಕ್ಯೂಟ್ ಬೋರ್ಡಿನ) ಮೇಲೆ ಕಪ್ಪು ಅಂಟಿನ ಬೊಟ್ಟಿನಡಿ ಹುದುಗಿದ ಚಿಪ್‌ನಲ್ಲಿ. ಅದು ಹೋದರೆ ರಿಪೇರಿಗೆ ದಾರಿಯಿಲ್ಲ, ಸದ್ದೂ ಅದರೊಂದಿಗೆ ಹೋಗುತ್ತದೆ.

ಮೊದಲು ಸೆಲ್ ಕೋಣೆ. ಕ್ಷಾರೀಯ (ಆಲ್ಕಲೈನ್) ಸೆಲ್ ಸೋರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್; ಅದು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಬಿಳಿಯ ಹುಡಿಯಾಗಿ ಸ್ಪ್ರಿಂಗಿನ ಸುತ್ತ ಕೂರುತ್ತದೆ. ಈ ಹುಡಿ ಚರ್ಮಕ್ಕೂ ಕಣ್ಣಿಗೂ ಕೆಡುಕು ಮಾಡುವುದರಿಂದ ಕೈಗವಸು, ಕನ್ನಡಕ ಹಾಕಿಕೊಂಡೇ ಮುಟ್ಟಬೇಕು. ಕ್ಷಾರವನ್ನು ತಣಿಸಲು ಹುಳಿ ಬೇಕು: ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರಿನಲ್ಲೋ ಲಿಂಬೆ ರಸದಲ್ಲೋ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ನೊರೆ ನಿಲ್ಲುವವರೆಗೆ ಒರಸಿ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮತ್ತೊಮ್ಮೆ ಒರಸಬೇಕು. ಲಿಂಬೆಯ ಸಕ್ಕರೆ ಅಂಟು ಉಳಿಸುವುದರಿಂದ ನನಗೆ ವಿನೆಗರೇ ಮೆಚ್ಚು. ಈ ಆಲ್ಕೊಹಾಲು ಮೊಬೈಲ್ ರಿಪೇರಿ ಅಂಗಡಿಯವರ ಬಳಿ ಇರುತ್ತದೆ. ಅಲ್ಲಿ ಸಿಗದಿದ್ದರೆ ಮಂಗಳೂರಿನ ಇಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಲ್ಲಿ ಖಂಡಿತ ಸಿಗುತ್ತದೆ. ಸ್ಪ್ರಿಂಗಿನ ನಿಕಲ್ ಲೇಪ ಎದ್ದು ಒಳಗಿನ ಉಕ್ಕಿಗೆ ತುಕ್ಕು ಹಿಡಿದಿದ್ದರೆ ಉಜ್ಜುವುದರಿಂದ ಪ್ರಯೋಜನ ಕಡಿಮೆ. ಉಪ್ಪುಗಾಳಿಯಲ್ಲಿ ಅದು ಬೇಗನೆ ಮರಳಿ ಬರುತ್ತದೆ, ಆದ್ದರಿಂದ ಹೊಸ ಸ್ಪ್ರಿಂಗನ್ನೇ ಬೆಸೆಯಿರಿ.

ಡಬ್ಬಿ ತೆರೆಯುವಾಗ ಒಂದೆರಡು ಸ್ಕ್ರೂಗಳು ಅಂಟುಚೀಟಿಯ ಅಥವಾ ರಬ್ಬರ್ ಪಾದದ ಕೆಳಗೆ ಅಡಗಿರುವುದು ಸಾಮಾನ್ಯ. ಚೀಟಿಯನ್ನು ಉಗುರಿನಿಂದ ಕೀಳದೆ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ದೂರದಿಂದ ಸ್ವಲ್ಪ ಹೊತ್ತು ಹಾಯಿಸಿ, ಅಂಚನ್ನು ಮೆಲ್ಲಗೆ ಎಬ್ಬಿಸಿ, ಮೇಣದ ಕಾಗದದ ಮೇಲೆ ಇಡಬೇಕು. ಸ್ಕ್ರೂ ತೆಗೆದ ಮೇಲೂ ಡಬ್ಬಿ ಬಾಯಿ ಬಿಡದಿದ್ದರೆ ಒಳಗಿನ ಕೊಕ್ಕೆಗಳು ಹಿಡಿದಿವೆ ಎಂದರ್ಥ. ಅಲ್ಲಿ ಲೋಹದ ಸ್ಕ್ರೂಡ್ರೈವರನ್ನು ತುರುಕದೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಯುದ್ದಕ್ಕೂ ಜಾರಿಸಿ. ತೆರೆದ ಕೂಡಲೇ, ತಂತಿಗಳ ಬಣ್ಣ ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆಯಿರಿ.

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಮೂರು ಎಎ ಸೆಲ್ ಬಳಸುವ ಪ್ರತಿಕೃತಿಯಲ್ಲಿ ಸೆಲ್ ಕೋಣೆಯ ತುದಿಗಳ ನಡುವೆ ಸುಮಾರು 4.5 ವೋಲ್ಟ್ ಸಿಗಬೇಕು. ಅಲ್ಲಿದ್ದ ವೋಲ್ಟೇಜು ಮಂಡಲದ ಮೇಲೆ ಕಾಣದಿದ್ದರೆ ದೋಷ ತಂತಿಯಲ್ಲಿ ಅಥವಾ ಸ್ವಿಚ್ಚಿನಲ್ಲಿದೆ. ಸೋರಿದ ಕ್ಷಾರ ತಂತಿಯ ಹೊದಿಕೆಯೊಳಗೆ ತೆವಳಿ ತಾಮ್ರವನ್ನು ಕಪ್ಪಾಗಿಸುವುದರಿಂದ ಹೊರಗೆ ಚೆನ್ನಾಗಿ ಕಾಣುವ ತಂತಿಯೂ ಒಳಗೆ ಸತ್ತಿರಬಹುದು; ಅಂಥದ್ದನ್ನು ಪೂರ್ತಿ ಬದಲಿಸುವುದೇ ಸರಿ. ಮಡಚುವ ಮಾದರಿಗಳಲ್ಲಿ ಹಿಂಜಿನ (ಮಡಚುವ ಕೀಲಿನ) ಬಳಿ ಬಾಗಿ ಬಾಗಿ ಎಳೆ ತುಂಡಾಗುವುದು ಮತ್ತೊಂದು ಸಾಮಾನ್ಯ ದೋಷ. ಅಲ್ಲಿ ಗಡುಸು ತಂತಿಯ ಬದಲು ಸಿಲಿಕೋನ್ ಹೊದಿಕೆಯ ಮೃದು ತಂತಿ ಹಾಕಿ, ಸ್ವಲ್ಪ ಉದ್ದ ಬಿಟ್ಟು ಬೆಸೆಯಿರಿ. 60/40 ತವರ-ಸೀಸದ ಬೆಸುಗೆಗೆ ಬೆಸುಗೆ ಕೋಲಿನ ತುದಿ 320ರಿಂದ 350 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಒತ್ತಿದರೂ ಕೆಲಸ ಮಾಡದ ಗುಂಡಿಗಳ ಅಡಿಯ ರಬ್ಬರ್ ಹಾಳೆಯಲ್ಲಿ ಕಪ್ಪು ಇಂಗಾಲದ ಬೊಟ್ಟುಗಳಿರುತ್ತವೆ. ಅವನ್ನು ಉಜ್ಜದೆ, ಎದುರಿನ ಮಂಡಲವನ್ನು ಮಾತ್ರ ಆಲ್ಕೊಹಾಲಿನಿಂದ ಒರಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕರಾವಳಿಯಲ್ಲಿ ವಿಶೇಷವಾಗಿ ಕಾಡುವ ದೋಷವೊಂದಿದೆ. ಹಿಡಿಕೆಗೆ ಮೃದುತನ ಕೊಡಲು ಬಳಿದ ಪಾಲಿಯುರಿಥೇನ್ ಲೇಪ ಗಾಳಿಯ ತೇವವನ್ನು ಹೀರಿ ರಾಸಾಯನಿಕವಾಗಿ ಮುರಿದು ಕೈಗಂಟುವ ಮೇಣದಂತಾಗುತ್ತದೆ. ತೊಳೆದರೆ ಹೋಗುವ ಕೊಳೆಯೆಂದು ಅದನ್ನು ತಿಳಿಯಬಾರದು. ಲೇಪವೇ ಕೆಟ್ಟಿದೆ, ಅದನ್ನು ಉಳಿಸಲಾಗದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಯ್ಸಿದ ಬಟ್ಟೆಯಿಂದ ತಾಳ್ಮೆಯಿಂದ ಒರಸುತ್ತ ಹೋದರೆ ಅಡಿಯ ಪ್ಲಾಸ್ಟಿಕ್ ಸ್ವಚ್ಛವಾಗಿ ಸಿಗುತ್ತದೆ. ಅಸಿಟೋನನ್ನು ಮಾತ್ರ ಹತ್ತಿರ ತರಬೇಡಿ, ಅದು ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಬೆಳ್ಳಿಯಂತೆ ಹೊಳೆಯುವ ಭಾಗಗಳ ಮೇಲಿನ ಲೋಹದ ಪದರ ಬಹಳ ತೆಳು, ಅದಕ್ಕೆ ಸಾಬೂನು ನೀರಿಗಿಂತ ಬಲವಾದುದು ಬೇಡ. ಬಿರುಕುಗಳನ್ನು ಅಂಟಿಸಲು ಎರಡು ಟ್ಯೂಬಿನ ಎಪಾಕ್ಸಿಯನ್ನೇ ಬಳಸಿ. ಕ್ಷಣದಲ್ಲಿ ಹಿಡಿಯುವ ಸೈನೋಅಕ್ರಿಲೇಟ್ ಅಂಟಿನ ಆವಿ ಹತ್ತಿರದ ಪಾರದರ್ಶಕ ಕಿಟಕಿಯ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ, ತೇವದ ಹವೆಯಲ್ಲಂತೂ ಇನ್ನೂ ಬೇಗ.

ಇನ್ನು ಮಾರ್ಪಾಟು. ದೀಪಗಳಿಂದ ಆರಂಭಿಸುವುದು ಸುಲಭ. 4.5 ವೋಲ್ಟಿನ ಮೇಲೆ ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕಾಗುವುದರಿಂದ ಉಳಿದ 2.5 ವೋಲ್ಟನ್ನು 10 ಮಿಲಿಆಂಪಿಯರಿಗೆ ಭಾಗಿಸಿದರೆ 250 ಓಮ್ ಬರುತ್ತದೆ, ಅಂಗಡಿಯಲ್ಲಿ ಸಿಗುವ 270 ಓಮಿನ ರೆಸಿಸ್ಟರ್ ಹೊಂದುತ್ತದೆ. ನೀಲಿ ದೀಪಕ್ಕೆ 3 ವೋಲ್ಟಿಗೂ ತುಸು ಹೆಚ್ಚು ಬೇಕು, 150 ಓಮ್ ಸಾಕು. ಆದರೆ ಸೆಲ್ಲುಗಳು ಇಳಿಯುತ್ತಿದ್ದಂತೆ ಮೊದಲು ಮಂಕಾಗುವುದೂ ನೀಲಿಯೇ.

ನನಗೆ ಅತ್ಯಂತ ಪ್ರಿಯವಾದ ಮಾರ್ಪಾಟು ಬೇರೆಯೇ ಇದೆ. ಅಳೆಯುವಂತೆ ನಟಿಸುತ್ತಿದ್ದ ಈ ಡಬ್ಬಿ ಇಂದು ನಿಜವಾಗಿಯೂ ಅಳೆಯಬಲ್ಲುದು, ಅಳೆದುದನ್ನು ಕನ್ನಡದಲ್ಲೇ ತೋರಿಸಬಲ್ಲುದು. ಬಾಷ್ ಕಂಪನಿಯ ಬಿಎಂಇ280 ಎಂಬ ಸಂವೇದಕ ಉಷ್ಣತೆ, ತೇವಾಂಶ, ವಾಯುವಿನ ಒತ್ತಡ ಮೂರನ್ನೂ ಅಳೆಯುತ್ತದೆ. ಅದರೊಡನೆ 128×64 ಚುಕ್ಕೆಗಳ ಪುಟ್ಟ ಓಎಲ್‌ಇಡಿ ಪರದೆ ಮತ್ತು ಇವೆರಡನ್ನೂ ನಡೆಸುವ ಪುಟ್ಟ ಗಣಕದಂತಿರುವ 3.3 ವೋಲ್ಟಿನ ಆರ್ಡುಯಿನೊ ಪ್ರೊ ಮಿನಿ ಮಂಡಲ ಇದ್ದರೆ ಸಾಕು. 3.3 ವೋಲ್ಟಿನ ಮಂಡಲವನ್ನೇ ಆರಿಸಲು ಕಾರಣವಿದೆ: ಬಿಎಂಇ280 ಸಂವೇದಕ 3.6 ವೋಲ್ಟಿಗಿಂತ ಹೆಚ್ಚು ತಾಳದು, ಮೂರೂ ಭಾಗಗಳು ಒಂದೇ ವೋಲ್ಟೇಜಿನಲ್ಲಿ ನಡೆದರೆ ನಡುವೆ ಪರಿವರ್ತಕ ಬೇಕಾಗುವುದಿಲ್ಲ. ಸಂವೇದಕ, ಪರದೆ ಎರಡೂ ಐ2ಸಿ ಎಂಬ ಎರಡೇ ತಂತಿಯ ಮಾರ್ಗವನ್ನು ಹಂಚಿಕೊಳ್ಳುವುದರಿಂದ ಹಿಂಜಿನ ಮೂಲಕ ವಿದ್ಯುತ್ತಿನ ಎರಡು ತಂತಿಗಳೂ ಸೇರಿ ನಾಲ್ಕು ತಂತಿ ಹಾಯಿಸಿದರೆ ಆಯಿತು.

ಕನ್ನಡ ತೋರಿಸುವಲ್ಲಿ ಒಂದು ತೊಡಕಿದೆ. ಇಂಥ ಪುಟ್ಟ ಮಂಡಲಗಳಲ್ಲಿ ಅಕ್ಷರ ತೋರಿಸುವ ಸಿದ್ಧ ಕ್ರಮವಿಧಿಗಳು (ಪ್ರೋಗ್ರಾಂಗಳು) ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಜೋಡಿಸುತ್ತವೆಯೇ ಹೊರತು ಒತ್ತಕ್ಷರವನ್ನು ಅಡಿಗೆ ಇಳಿಸಿ ಕೂರಿಸುವ ಲೆಕ್ಕಾಚಾರ ಅವಕ್ಕೆ ತಿಳಿಯದು. ‘ಉಷ್ಣತೆ’ ಎಂದು ಬರೆದರೆ ಪದ ಒಡೆದು ಬೀಳುತ್ತದೆ. ಆದ್ದರಿಂದ ಬೇಕಾದ ಪದಗಳನ್ನು ಕಂಪ್ಯೂಟರಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಬರೆದು, ಕಪ್ಪುಬಿಳುಪಿನ ಚಿತ್ರವಾಗಿ ಉಳಿಸಿ, ಚಿತ್ರವನ್ನೇ ಕ್ರಮವಿಧಿಯೊಳಗೆ ಸೇರಿಸಬೇಕು. 64×24 ಚುಕ್ಕೆಗಳ ಒಂದು ಪದಕ್ಕೆ 192 ಬೈಟ್ ಹಿಡಿಯುತ್ತದೆ, 16×24 ಚುಕ್ಕೆಗಳ ಹತ್ತು ಕನ್ನಡ ಅಂಕಿಗಳಿಗೆ ಒಟ್ಟು 480 ಬೈಟ್. ಮಂಡಲದ 32 ಕಿಲೋಬೈಟ್ ಶಾಶ್ವತ ಸ್ಮೃತಿಯಲ್ಲಿ ಇದು ಸುಲಭವಾಗಿ ಹಿಡಿಸುತ್ತದೆ. 2 ಕಿಲೋಬೈಟಿನ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಚಿತ್ರಗಳನ್ನು ಇಡಬಾರದು, ಏಕೆಂದರೆ ಪರದೆಯ ಒಂದು ಪೂರ್ಣ ಪುಟಕ್ಕೇ ಅದರ ಅರ್ಧ ಬೇಕು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡುವುದನ್ನೂ ಗೆರೆಗಳನ್ನು ಎರಡು ಚುಕ್ಕೆ ದಪ್ಪ ಇಡುವುದನ್ನೂ ಮರೆಯಬೇಡಿ. ಒಂದೇ ಚುಕ್ಕೆಯ ಗೆರೆಯಲ್ಲಿ ‘ಷ’ ಮತ್ತು ‘ಪ’ ದೂರದಿಂದ ಒಂದೇ ಆಗಿ ಕಾಣುತ್ತವೆ.

ಸಂವೇದಕವನ್ನು ಡಬ್ಬಿಯ ಗಾಳಿಸಂದಿಗೆ ಎದುರಾಗಿ, ಬಿಸಿಯಾಗುವ ಭಾಗಗಳಿಂದ ದೂರ ಇಡಿ. ಇಲ್ಲವಾದರೆ ಅದು ಕೋಣೆಯ ಬದಲು ಡಬ್ಬಿಯ ಉಷ್ಣತೆಯನ್ನೇ ಓದಿ, ತೇವಾಂಶವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸರಿಯಾಗಿ ಕೂಡಿಸಿದ ಉಪಕರಣವನ್ನು ಆಟಿ ತಿಂಗಳ ಮಳೆಯಲ್ಲಿ ಜಗಲಿಯಲ್ಲಿ ಹಿಡಿದರೆ ತೇವಾಂಶ ಶೇಕಡಾ 90ನ್ನು ದಾಟುವುದನ್ನು ಕಾಣಬಹುದು. ಬೇಕಲದ ಕಡಲತೀರದಿಂದ ರಾಣಿಪುರಂ ಬೆಟ್ಟಕ್ಕೆ ಒಯ್ದರೆ, ಏರಿದ ಪ್ರತಿ ಎಂಟು ಒಂಬತ್ತು ಮೀಟರಿಗೆ ಒತ್ತಡ ಒಂದು ಹೆಕ್ಟೋಪಾಸ್ಕಲಿನಷ್ಟು ಇಳಿಯುತ್ತ ಹೋಗುತ್ತದೆ. ಮಕ್ಕಳ ಕೈಗೆ ಕೊಟ್ಟು ನೋಡಿ. ಪಾಠದಲ್ಲಿ ಓದಿದ ವಾಯುಭಾರವನ್ನು ತಾವೇ ಅಳೆದಾಗ ಅವರಿಗಾಗುವ ಸಂತೋಷಕ್ಕಾಗಿಯಾದರೂ ಈ ಶ್ರಮ ಪಡಬೇಕು.

ಸದ್ದಿಗೆ ಡಿಎಫ್‌ಪ್ಲೇಯರ್ ಮಿನಿ ಎಂಬ ಪುಟ್ಟ ಮಂಡಲ ಅನುಕೂಲ. 32 ಗಿಗಾಬೈಟಿನವರೆಗಿನ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಎಂಪಿ3 ಎಂಬ ಹೆಸರಿನ ಕಡತಕೋಶ ಮಾಡಿ, ಆರಂಭದಲ್ಲೇ ಮುದ್ರಿಸಿಟ್ಟ ಮೂಲ ಸದ್ದುಗಳಿಗೆ 0001, 0002 ಎಂದು ಹೆಸರು ಕೊಟ್ಟರೆ ಅದು ಬೇಕಾದುದನ್ನು ನುಡಿಸುತ್ತದೆ. ಪ್ರೊ ಮಿನಿಯ 3.3 ವೋಲ್ಟಿನ ರೆಗ್ಯುಲೇಟರ್ ಇದರ ಭಾರ ಹೊರಲಾರದು, ಹಾಗಾಗಿ ಸೆಲ್ಲಿನಿಂದ ನೇರವಾಗಿ ವಿದ್ಯುತ್ ಕೊಟ್ಟು, ಆದೇಶ ಬರುವ ತಂತಿಯಲ್ಲಿ ಒಂದು ಕಿಲೋ ಓಮಿನ ರೆಸಿಸ್ಟರ್ ಇಡಿ. ಅದಿಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಸೇರಿಕೊಳ್ಳಬಹುದು. ಚಾರ್ಜ್ ಮಾಡುವ ಲಿಥಿಯಂ ಸೆಲ್ ಹಾಕುವ ಆಸೆ ಹಲವರಿಗಿರುತ್ತದೆ. ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕಪಾಟಿನಲ್ಲಿ ತಿಂಗಳುಗಟ್ಟಲೆ ಯಾರೂ ನೋಡದೆ ಉಳಿಯುವ ವಸ್ತುವಿಗೆ ನಾನದನ್ನು ಒಪ್ಪುವುದಿಲ್ಲ. ಎಎ ಸೆಲ್ಲುಗಳೇ ಇರಲಿ.

ಬಣ್ಣದ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿನೊಳಗೆ ಮುಗಿಸಿಕೊಳ್ಳಿ. ಮಳೆಗಾಲದಲ್ಲಿ ಸಿಂಪಡಿಸಿದ ಲ್ಯಾಕರಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಸಾಂದ್ರಗೊಂಡು, ಬಣ್ಣ ಬೆಳ್ಳಗೆ ಮಂಜುಗಟ್ಟುತ್ತದೆ. 400ರ ಮರಳುಕಾಗದದಿಂದ ಆರಂಭಿಸಿ 1000ದ ಕಾಗದವನ್ನು ನೀರಿನಲ್ಲಿ ಅದ್ದಿ ನಯಗೊಳಿಸಿ, ತೆಳುವಾದ ಪ್ರೈಮರಿನ ಮೇಲೆ ತೆಳುವಾದ ಹಲವು ಪದರ ಹಾಯಿಸಿ. ಅಂಚುಗಳ ಹೊಳಪಿಗೆ ಯಕ್ಷಗಾನದ ಆಭರಣಗಳಿಗೆ ಅಂಟಿಸುವ ಬೇಗಡೆ ಬಹಳ ಚೆನ್ನಾಗಿ ಹೊಂದುತ್ತದೆ: ಸಣ್ಣ ದೀಪದ ಬೆಳಕನ್ನೂ ಅದು ಎತ್ತಿ ತೋರಿಸುತ್ತದೆ, ನೀರಿನಲ್ಲಿ ಕರಗುವ ಅಂಟಿನಿಂದ ಕೂರಿಸಿದರೆ ಬೇಕೆಂದಾಗ ತೆಗೆಯಲೂ ಬರುತ್ತದೆ. ಗುಂಡಿಗಳ ಕನ್ನಡ ಬರಹವನ್ನು ಡಬ್ಬಿಯ ಮೇಲೆ ನೇರವಾಗಿ ಬರೆಯದೆ ಪಾರದರ್ಶಕ ಅಂಟುಹಾಳೆಯಲ್ಲಿ ಮುದ್ರಿಸಿ ಮೂಲ ಚೀಟಿಯ ಅಳತೆಗೇ ಕತ್ತರಿಸಿ ಅಂಟಿಸಿ.

ಮುಚ್ಚುವ ಮೊದಲು ಹಿಂಜನ್ನು ಪೂರ್ತಿ ತೆರೆದು ಮಡಚಿ ಯಾವ ತಂತಿಯೂ ಸಿಕ್ಕಿಕೊಳ್ಳುತ್ತಿಲ್ಲವೆಂದು ನೋಡಿ, ಸ್ಕ್ರೂಗಳನ್ನು ಮೊದಲು ಎಡಕ್ಕೆ ತಿರುಗಿಸಿ ಹಳೆಯ ಹಳ್ಳ ಸಿಕ್ಕಿದ ಮೇಲೆ ಬಲಕ್ಕೆ ಬಿಗಿಯಿರಿ, ಇದರಿಂದ ಪ್ಲಾಸ್ಟಿಕ್ಕಿನ ತಿರುಪು ಗೆರೆಗಳು ಸವೆಯುವುದಿಲ್ಲ. ಜೂನ್ ಬರುವ ಮೊದಲು ಸೆಲ್ಲುಗಳನ್ನು ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ಕಿತ್ತಳೆ ಹರಳು ಹಸಿರಾದಾಗ ಪೊಟ್ಟಣದಿಂದ ಹೊರತೆಗೆದು ಸುಮಾರು 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಮಂಡಲದ ಚಿತ್ರ, ಕ್ರಮವಿಧಿಯ ಪ್ರತಿ ಮತ್ತು ಯಾವ ತಂತಿ ಎಲ್ಲಿಗೆ ಎಂಬ ಟಿಪ್ಪಣಿಯನ್ನು ಅದೇ ಡಬ್ಬಿಯಲ್ಲಿ, ತೆಗೆದಿಟ್ಟ ಮೂಲ ಭಾಗಗಳ ಪೊಟ್ಟಣದ ಪಕ್ಕದಲ್ಲಿ ಇರಿಸಿ.